ಓಟದ ಪಥದಲ್ಲಿ ಮೋಟಾರು ಕಾರಿನ ಬ್ರೇಕು



ಮೋಟಾರು ಕಾರಿನ ಮಾತು ಬಂದಾಗ ಅದರ ಎಂಜಿನಿನ ಬಲವೆಷ್ಟು, ಅದು ಗಂಟೆಗೆ ಎಷ್ಟು ಕಿಲೋಮೀಟರು ಓಡುವುದು ಎಂದು ಕೇಳುವವರೇ ಹೆಚ್ಚು. ಅದು ಯಾವುದರ ಬಲದಿಂದ ನಿಲ್ಲುವುದು ಎಂದು ಕೇಳುವವರು ವಿರಳ. ಆದರೆ ನಿಲ್ಲಿಸಲಾಗದ ಕಾರಿನಲ್ಲಿ ಕುಳಿತವನಿಗೆ ಎಂಜಿನಿನ ಬಲದಿಂದ ಯಾವ ಪ್ರಯೋಜನವೂ ಇಲ್ಲ. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ನಾವು ಬ್ರೇಕಿನ ವಿಷಯವನ್ನು ಪಾಠವಾಗಿ ತೆಗೆದುಕೊಂಡಿದ್ದೇವೆ. ಅದರಲ್ಲಿಯೂ, ಬ್ರೇಕಿಗೆ ಅತ್ಯಂತ ಕಠಿಣವಾದ ಪರೀಕ್ಷೆ ನಡೆಯುವ ಸ್ಥಳವಾದ ಓಟದ ಪಥದಲ್ಲಿ ಅದು ಹೇಗೆ ಕೆಲಸ ಮಾಡುವುದು, ಯಾವಾಗ ಕೈಕೊಡುವುದು, ಕೈಕೊಡದಂತೆ ಹೇಗೆ ಕಾಪಾಡಬೇಕು ಎಂಬುದನ್ನು ವಿಚಾರಿಸೋಣ.

ನಾವಿರುವ ಈ ಚೆನ್ನೈ ನಗರಕ್ಕೂ ಮೋಟಾರು ಓಟಕ್ಕೂ ಹಳೆಯ ನಂಟು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಎಂಬ ಸಂಸ್ಥೆ ೧೯೫೩ರಲ್ಲಿ ಇಲ್ಲಿ ಹುಟ್ಟಿತು. ನಗರದ ಉತ್ತರಕ್ಕೆ ಶೋಳಾವರದಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ, ಹಲವು ದಶಕಗಳ ಕಾಲ ಸ್ಪರ್ಧೆಗಳು ನಡೆದವು. ಆ ಬಳಿಕ ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು ೩.೭ ಕಿಲೋಮೀಟರು ಉದ್ದದ ಪಥವೊಂದು ಸಿದ್ಧವಾಗಿ ೧೯೯೦ರಲ್ಲಿ ಬಳಕೆಗೆ ಬಂತು. ಕೊಯಮತ್ತೂರಿನಲ್ಲಿಯೂ ಇಂಥದೊಂದು ಪಥ ಉಂಟು. ದೆಹಲಿಯ ಬಳಿ ಗ್ರೇಟರ್ ನೋಯ್ಡಾದಲ್ಲಿ ೨೦೧೧ರಲ್ಲಿ ಆರಂಭವಾದ ಬುದ್ಧ ಅಂತರರಾಷ್ಟ್ರೀಯ ಪಥದ ಉದ್ದ ೫.೧೨೫ ಕಿಲೋಮೀಟರು.

ಇಂಥ ಪಥಗಳಲ್ಲಿ ಸ್ಪರ್ಧೆಯಿಲ್ಲದ ಕೆಲವು ದಿನಗಳಂದು, ಸಾಮಾನ್ಯ ಕಾರುಗಳ ಒಡೆಯರು ಶುಲ್ಕ ತೆತ್ತು ತಮ್ಮ ಸ್ವಂತ ಕಾರುಗಳನ್ನು ವೇಗವಾಗಿ ಓಡಿಸಿ ಅಭ್ಯಾಸ ಮಾಡಬಹುದು. ಇದನ್ನು ‘ಟ್ರ್ಯಾಕ್ ಡೇ’ ಎಂದು ಕರೆಯುವ ವಾಡಿಕೆ. ಇಲ್ಲಿ ಗೆಲುವೂ ಇಲ್ಲ, ಬಹುಮಾನವೂ ಇಲ್ಲ. ಆದರೆ ಬೆಳಿಗ್ಗೆ ಕಚೇರಿಗೂ ಸಂಜೆ ಪೇಟೆಗೂ ಹೋಗಿ ಬರುವ ಕಾರು ಆ ಒಂದು ದಿನ ತನ್ನ ಆಯುಷ್ಯದಲ್ಲೇ ಕಾಣದಷ್ಟು ಶ್ರಮವನ್ನು ಪಡುವುದು. ಆ ಶ್ರಮದ ಬಹುಪಾಲು ಬೀಳುವುದು ಬ್ರೇಕಿನ ಮೇಲೆ.

ವೇಗವು ಎಲ್ಲಿಗೆ ಹೋಗುತ್ತದೆ?

ಚಲಿಸುವ ವಸ್ತುವಿನಲ್ಲಿ ಚಲನಶಕ್ತಿ ಇರುವುದೆಂದು ನೀವು ಓದಿದ್ದೀರಿ. ವಸ್ತುವಿನ ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಆ ಶಕ್ತಿಯ ಪ್ರಮಾಣ ದೊರೆಯುವುದು. ಶಕ್ತಿಯು ನಾಶವಾಗದು, ರೂಪವನ್ನು ಮಾತ್ರ ಬದಲಾಯಿಸುವುದು ಎಂಬ ನಿಯಮವೂ ನಿಮಗೆ ಗೊತ್ತಿದೆ. ಹೀಗಿರುವಲ್ಲಿ, ಕಾರು ನಿಂತಾಗ ಅದರ ಚಲನಶಕ್ತಿ ಎಲ್ಲಿಗೆ ಹೋಯಿತು? ಅದು ಶಾಖವಾಯಿತು. ಬ್ರೇಕು ವೇಗವನ್ನು ಕೊಲ್ಲುವ ಯಂತ್ರವಲ್ಲ. ವೇಗವನ್ನು ಬಿಸಿಯಾಗಿ ಮಾರ್ಪಡಿಸುವ ಯಂತ್ರ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪಾಠವೆಲ್ಲ ಸುಲಭ.

ಲೆಕ್ಕ ಮಾಡಿ ನೋಡೋಣ. ಕಾರಿನ ರಾಶಿ ೧,೨೦೦ ಕಿಲೋಗ್ರಾಂ ಇರಲಿ. ಪೇಟೆಯ ಬೀದಿಯಲ್ಲಿ ಅದು ಗಂಟೆಗೆ ೬೦ ಕಿಲೋಮೀಟರು ವೇಗದಿಂದ ಬಂದು ನಿಂತರೆ, ಶಾಖವಾಗುವ ಶಕ್ತಿ ಸುಮಾರು ೧.೬೭ ಲಕ್ಷ ಜೌಲು. ಅದೇ ಕಾರು ಓಟದ ಪಥದ ನೇರ ದಾರಿಯ ಕೊನೆಯಲ್ಲಿ ಗಂಟೆಗೆ ೧೮೦ ಕಿಲೋಮೀಟರು, ಅಂದರೆ ಸೆಕೆಂಡಿಗೆ ೫೦ ಮೀಟರು ವೇಗದಲ್ಲಿದೆ ಎಂದು ಭಾವಿಸಿರಿ. ಆಗ ಅದರ ಚಲನಶಕ್ತಿ ೧೫ ಲಕ್ಷ ಜೌಲು. ವೇಗ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟಾಯಿತು. ಮುಂದಿನ ತಿರುವಿಗಾಗಿ ವೇಗವನ್ನು ಗಂಟೆಗೆ ೭೨ ಕಿಲೋಮೀಟರಿಗೆ, ಅಂದರೆ ಸೆಕೆಂಡಿಗೆ ೨೦ ಮೀಟರಿಗೆ ಇಳಿಸಬೇಕು. ಆಗ ಉಳಿಯುವ ಶಕ್ತಿ ೨.೪ ಲಕ್ಷ ಜೌಲು. ಮಿಕ್ಕ ೧೨.೬ ಲಕ್ಷ ಜೌಲು ಮೂರು ನಾಲ್ಕು ಸೆಕೆಂಡುಗಳಲ್ಲಿ ಶಾಖವಾಗಬೇಕು. ಇಷ್ಟು ಶಾಖದಿಂದ ನಾಲ್ಕು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಮನೆಯ ಒಲೆಯ ಮೇಲೆ ಅಷ್ಟು ನೀರು ಮರಳಲು ಎಷ್ಟು ಹೊತ್ತು ಬೇಕೆಂಬುದನ್ನು ನಿಮ್ಮ ತಾಯಂದಿರನ್ನು ಕೇಳಿ ನೋಡಿರಿ.

ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ಕೆಲಸದ ಸುಮಾರು ನೂರಕ್ಕೆ ೭೦ ಪಾಲು ಮುಂದಿನ ಎರಡು ಚಕ್ರಗಳಿಗೆ ಬೀಳುವುದೆಂದು ತಿಳಿಯೋಣ. ಅಲ್ಲಿರುವ ಬೀಡುಕಬ್ಬಿಣದ ಎರಡು ಬಿಲ್ಲೆಗಳು ತಲಾ ೭ ಕಿಲೋಗ್ರಾಂ ತೂಗಿದರೆ, ಬಿಸಿಯೆಲ್ಲ ಅವುಗಳಲ್ಲೇ ನಿಂತಿತೆಂದು ಲೆಕ್ಕ ಹಾಕಿದಾಗ, ಒಂದೇ ಬಾರಿಯ ಬ್ರೇಕಿಗೆ ಅವುಗಳ ಉಷ್ಣತೆ ಸುಮಾರು ೧೩೭ ಡಿಗ್ರಿ ಏರುವುದು. ಪೇಟೆಯಲ್ಲಿ ನಿಂತ ಕಾರಿನಲ್ಲಿ ಇದು ಕೇವಲ ೧೮ ಡಿಗ್ರಿ. ಪೇಟೆಯ ಬಿಲ್ಲೆಗೆ ಮುಂದಿನ ನಿಲುಗಡೆಯ ತನಕ ಆರಲು ಸಮಯವಿರುವುದು. ಓಟದ ಪಥದಲ್ಲಾದರೋ ಅದು ಆರುವ ಮೊದಲೇ ಮತ್ತೊಂದು ತಿರುವು ಬರುವುದು. ಬಿಸಿಯ ಮೇಲೆ ಬಿಸಿ ಸೇರುತ್ತ ಹೋಗುವುದು.

ಪಾದದಿಂದ ಚಕ್ರದ ವರೆಗೆ

ಬ್ರೇಕಿನ ರಚನೆಯನ್ನು ಈಗ ನೋಡೋಣ. ಚಾಲಕನು ಪೆಡಲನ್ನು ಒತ್ತಿದಾಗ ಅದು ಸನ್ನೆಗೋಲಿನಂತೆ ಕೆಲಸ ಮಾಡಿ ಬಲವನ್ನು ಹೆಚ್ಚಿಸುವುದು. ಆ ಬಲ ಮಾಸ್ಟರ್ ಸಿಲಿಂಡರಿನಲ್ಲಿರುವ ಪಿಸ್ಟನ್ನನ್ನು ತಳ್ಳುವುದು. ಅಲ್ಲಿಂದ ನಾಲ್ಕು ಚಕ್ರಗಳಿಗೂ ಹೋಗಿರುವ ಕೊಳವೆಗಳಲ್ಲಿ, ವಾಡಿಕೆಯಲ್ಲಿ ಬ್ರೇಕ್ ಆಯಿಲ್ ಎನ್ನುವ ದ್ರವ ತುಂಬಿರುವುದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪಾಸ್ಕಲನು ತೋರಿಸಿಕೊಟ್ಟನಷ್ಟೆ. ಆ ನಿಯಮದ ಪ್ರಯೋಜನ ಇಲ್ಲಿದೆ.

ಪಾದದ ಬಲ ೩೦ ಕಿಲೋಗ್ರಾಂ ತೂಕದಷ್ಟಿದ್ದು ಪೆಡಲು ಅದನ್ನು ನಾಲ್ಕು ಪಟ್ಟು ಮಾಡಿದರೆ ೧೨೦ ಆಯಿತು. ಮಾಸ್ಟರ್ ಪಿಸ್ಟನ್ನಿನ ಮುಖದ ವಿಸ್ತೀರ್ಣ ೩ ಚದರ ಸೆಂಟಿಮೀಟರಾದರೆ ಪ್ರತಿ ಚದರ ಸೆಂಟಿಮೀಟರಿಗೆ ಒತ್ತಡ ೪೦. ಚಕ್ರದ ಬಳಿಯ ಪಿಸ್ಟನ್ನಿನ ವಿಸ್ತೀರ್ಣ ೨೪ ಚದರ ಸೆಂಟಿಮೀಟರಾದರೆ ಅಲ್ಲಿ ದೊರೆಯುವ ಬಲ ೯೬೦ ಕಿಲೋಗ್ರಾಂ ತೂಕದಷ್ಟು. ಇದಲ್ಲದೆ ಈಗಿನ ಕಾರುಗಳಲ್ಲಿ ಪಾದದ ಬಲಕ್ಕೆ ನೆರವಾಗುವ ಬೂಸ್ಟರ್ ಎಂಬ ಸಾಧನವೂ ಇರುವುದು.

ಚಕ್ರದೊಂದಿಗೆ ತಿರುಗುವ ಬಿಲ್ಲೆಗೆ ಡಿಸ್ಕು ಎಂದು ಹೆಸರು. ಅದನ್ನು ಇಕ್ಕಳದಂತೆ ಎರಡು ಕಡೆಯಿಂದ ಅಪ್ಪಿ ನಿಂತಿರುವುದು ಕ್ಯಾಲಿಪರು. ಇಕ್ಕಳದ ಎರಡು ದವಡೆಗಳಲ್ಲಿ ಒಂದೊಂದು ಪ್ಯಾಡು. ಪಿಸ್ಟನ್ನು ಒತ್ತಿದಾಗ ಪ್ಯಾಡುಗಳು ಡಿಸ್ಕನ್ನು ಬಿಗಿಯಾಗಿ ಹಿಡಿಯುವುವು; ಘರ್ಷಣೆಯಿಂದ ವೇಗ ತಗ್ಗುವುದು.

ಈ ಕಲ್ಪನೆ ಹೊಸತಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರು ೧೯೦೨ರಲ್ಲಿಯೇ ಡಿಸ್ಕು ಬ್ರೇಕಿಗೆ ಪೇಟೆಂಟು ಪಡೆದಿದ್ದನು. ಆದರೆ ಬಹುಕಾಲ ಕಾರುಗಳಲ್ಲಿ ಬಳಕೆಯಲ್ಲಿದ್ದುದು ಡ್ರಮ್ಮು ಬ್ರೇಕು. ಅದರಲ್ಲಿ ಬ್ರೇಕ್ ಶೂಗಳು ಡ್ರಮ್ಮಿನ ಒಳಗೋಡೆಗೆ ಒತ್ತುವುವು. ಬಿಸಿಯೇರಿದಾಗ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುವುದು, ಒಳಗಿನ ಬಿಸಿ ಬೇಗ ಹೊರಗೆ ಹೋಗದು. ಡಿಸ್ಕಾದರೋ ಗಾಳಿಗೆ ತೆರೆದುಕೊಂಡಿರುವುದು. ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುವುದು. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ ೨೪ ಗಂಟೆಗಳ ಓಟದಲ್ಲಿ ಡಂಲಪ್ ಡಿಸ್ಕು ಬ್ರೇಕುಗಳಿದ್ದ ಜಾಗ್ವಾರ್ ಸಿ-ಟೈಪ್ ಕಾರನ್ನು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿ ಗೆದ್ದರು. ಅವರ ಸರಾಸರಿ ವೇಗ ಗಂಟೆಗೆ ಸುಮಾರು ೧೭೦ ಕಿಲೋಮೀಟರು. ಎಂಜಿನಿನ ಬಲವೊಂದರಿಂದಲೇ ಈ ಗೆಲುವು ಬರಲಿಲ್ಲ. ಇತರರಿಗಿಂತ ತಡವಾಗಿ, ತಿರುವಿಗೆ ಹತ್ತಿರವಾಗಿ ಬ್ರೇಕು ಹಾಕಿಯೂ ನಂಬಿಕೆಯಿಂದ ತಿರುಗಬಹುದಾಗಿದ್ದುದೇ ಅದರ ಮುಖ್ಯ ಕಾರಣಗಳಲ್ಲೊಂದು. ಚೆನ್ನಾಗಿ ನಿಲ್ಲಬಲ್ಲವನೇ ಚೆನ್ನಾಗಿ ಓಡಬಲ್ಲನು ಎಂಬುದಕ್ಕೆ ಇದು ಸಾಕ್ಷಿ.

ಬಿಸಿಯಿಂದ ಬರುವ ಎರಡು ಸೋಲುಗಳು

ಬಿಸಿ ಮಿತಿ ಮೀರಿದಾಗ ಬ್ರೇಕು ಎರಡು ವಿಧವಾಗಿ ಸೋಲಬಹುದು. ಇವೆರಡನ್ನೂ ಚಾಲಕನ ಪಾದ ಬೇರೆ ಬೇರೆಯಾಗಿ ಗುರುತಿಸುವುದು. ಈ ಭೇದವನ್ನು ನೀವು ಚೆನ್ನಾಗಿ ತಿಳಿಯಬೇಕು.

ಮೊದಲನೆಯದು ಪ್ಯಾಡಿನ ಸೋಲು. ಪ್ಯಾಡಿನಲ್ಲಿ ಲೋಹದ ಚೂರು, ನಾರು ಮುಂತಾದ ಹಲವು ಪದಾರ್ಥಗಳನ್ನು ಒಂದು ಬಗೆಯ ರಾಳದಿಂದ ಅಂಟಿಸಿರುವರು. ಪೇಟೆಯ ಓಡಾಟಕ್ಕೆಂದು ಮಾಡಿದ ಪ್ಯಾಡು ಅತಿಯಾಗಿ ಕಾದಾಗ ಈ ರಾಳ ಕೆಟ್ಟು ಅನಿಲವನ್ನು ಬಿಡುವುದು. ಆಗ ಪ್ಯಾಡಿಗೂ ಡಿಸ್ಕಿಗೂ ನಡುವೆ ಹಿಡಿತ ತಪ್ಪುವುದು. ಪೆಡಲು ಕಲ್ಲಿನಂತೆ ಗಟ್ಟಿಯಾಗಿಯೇ ಇರುವುದು, ಎಷ್ಟು ಒತ್ತಿದರೂ ಕಾರು ಮಾತ್ರ ನಿಲ್ಲದು. ಓಟಕ್ಕೆಂದು ಮಾಡಿದ ಪ್ಯಾಡುಗಳು ಹೆಚ್ಚಿನ ಬಿಸಿಯನ್ನು ತಡೆಯುವುವು. ಆದರೆ ಅವುಗಳಲ್ಲಿ ಹಲವು ತಣ್ಣಗಿರುವಾಗ ಸರಿಯಾಗಿ ಹಿಡಿಯವು. ಆದುದರಿಂದ ಅವು ಪೇಟೆಯ ಓಡಾಟಕ್ಕೆ ಹೇಳಿಸಿದವಲ್ಲ. ಹೊಸ ಪ್ಯಾಡನ್ನು ಹಾಕಿದ ಕೂಡಲೇ ಪೂರ್ಣ ವೇಗಕ್ಕೆ ಹೋಗದೆ, ಮೊದಲು ಮಿತವಾಗಿ, ಅನಂತರ ಕ್ರಮವಾಗಿ ಹೆಚ್ಚಿಸುತ್ತ ಹತ್ತಾರು ಬಾರಿ ಬ್ರೇಕು ಹಾಕಿ, ಬಳಿಕ ಆರಲು ಬಿಟ್ಟು ಪಳಗಿಸಬೇಕು.

ಎರಡನೆಯದು ದ್ರವದ ಸೋಲು. ಇದು ಹೆಚ್ಚು ಭಯಂಕರವಾದುದು. ಪ್ಯಾಡಿನ ಬಿಸಿ ಅದರ ಬೆನ್ನಿನ ಲೋಹದ ತಗಡನ್ನು ದಾಟಿ ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ತಗಲುವುದು. ದ್ರವ ಕುದಿದರೆ ಆವಿಯ ಗುಳ್ಳೆಗಳು ಏಳುವುವು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದುದರಿಂದ ಪಾದದ ಒತ್ತಡವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ, ಪೆಡಲು ಹತ್ತಿಯ ಮೂಟೆಯಂತೆ ಮೆತ್ತಗಾಗಿ ನೆಲದ ತನಕ ಇಳಿಯುವುದು. ಪೆಡಲನ್ನು ಬೇಗ ಬೇಗ ಹಲವು ಬಾರಿ ಒತ್ತಿದರೆ ಕೆಲವೊಮ್ಮೆ ಸ್ವಲ್ಪ ಒತ್ತಡ ಮರಳಿ ಬರಬಹುದು. ಆದರೆ ಸೆಕೆಂಡಿಗೆ ೫೦ ಮೀಟರು ಓಡುವ ಕಾರಿನಲ್ಲಿ ಅದಕ್ಕೆ ಸಮಯವೆಲ್ಲಿ?

ಬ್ರೇಕ್ ಆಯಿಲಿಗೆ ಒಂದು ಗುಣವಿದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ಹೇಗೆ ನೀರೊಡೆಯುವುದೋ ಹಾಗೆಯೇ ಇದೂ ಗಾಳಿಯಲ್ಲಿರುವ ತೇವವನ್ನು ಹೀರುವುದು. ತೇವ ಸೇರಿದಷ್ಟೂ ಅದು ಕುದಿಯುವ ಮಟ್ಟ ಇಳಿಯುವುದು. ಡಾಟ್ ೩ ಎಂಬ ದರ್ಜೆಯ ಹೊಸ ದ್ರವ ೨೦೫ ಡಿಗ್ರಿಗಿಂತ ಮೊದಲು ಕುದಿಯಬಾರದು; ನೂರಕ್ಕೆ ೩.೭ ಪಾಲು ನೀರು ಸೇರಿದಾಗ ಆ ಮಿತಿ ೧೪೦ ಡಿಗ್ರಿ. ಡಾಟ್ ೪ಕ್ಕೆ ಇವೇ ಅಂಕಿಗಳು ೨೩೦ ಮತ್ತು ೧೫೫. ಡಾಟ್ ೫.೧ಕ್ಕೆ ೨೬೦ ಮತ್ತು ೧೮೦. ಸಮುದ್ರ ತೀರದ ನಮ್ಮ ಈ ನಗರದ ಗಾಳಿಯಲ್ಲಿ ತೇವ ಹೆಚ್ಚು. ವರ್ಷಾನುಗಟ್ಟಲೆ ಬದಲಿಸದ ದ್ರವ ಪೇಟೆಯಲ್ಲಿ ಯಾವ ತೊಂದರೆಯನ್ನೂ ತೋರದೆ ಇದ್ದು, ಓಟದ ಪಥದ ನಾಲ್ಕನೆಯ ಸುತ್ತಿನಲ್ಲೋ ಐದನೆಯ ಸುತ್ತಿನಲ್ಲೋ ಒಮ್ಮೆಲೇ ಕುದಿಯಬಹುದು. ಆದುದರಿಂದ ಪಥಕ್ಕೆ ಹೋಗುವ ಮೊದಲು ಹಳೆಯ ದ್ರವವನ್ನು ಪೂರ್ತಿಯಾಗಿ ತೆಗೆದು, ಆಗಲೇ ತೆರೆದ ಡಬ್ಬಿಯ ಹೊಸ ದ್ರವವನ್ನು ತುಂಬುವುದು ಮೊದಲನೆಯ ಕರ್ತವ್ಯ. ಬಹುಕಾಲದ ಹಿಂದೆ ತೆರೆದಿಟ್ಟ ಡಬ್ಬಿಯದು ಕೂಡದು. ಎಂಜಿನ್ ಆಯಿಲನ್ನೋ ಸೀಮೆಎಣ್ಣೆಯನ್ನೋ ಇದರೊಂದಿಗೆ ಎಂದಿಗೂ ಸೇರಿಸಬಾರದು. ರಬ್ಬರು ಸೀಲುಗಳು ಉಬ್ಬಿ ಕೆಡುವುವು.

ದ್ರವ ಬದಲಿಸಿದ ಮೇಲೆ ಕೊಳವೆಯಲ್ಲಿರುವ ಗಾಳಿಯನ್ನು ತೆಗೆಯಬೇಕು. ಇದು ಸಾಮಾನ್ಯವಾಗಿ ಇಬ್ಬರು ಕೂಡಿ ಮಾಡುವ ಕೆಲಸ. ಒಬ್ಬನು ಪೆಡಲನ್ನು ಒತ್ತಿ ಹಿಡಿಯುವನು. ಇನ್ನೊಬ್ಬನು ಚಕ್ರದ ಬಳಿ ಕುಳಿತು ಕ್ಯಾಲಿಪರಿನ ನಿಪ್ಪಲನ್ನು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಮುಚ್ಚುವನು. ಮುಚ್ಚಿದೆನೆಂದು ಹೇಳಿದ ಬಳಿಕವೇ ಮೊದಲನೆಯವನು ಪಾದವನ್ನು ಎತ್ತಬೇಕು. ಹೇಳುವ ಮೊದಲೇ ಎತ್ತಿದರೆ ಹೊರಹೋದ ಗಾಳಿ ಮತ್ತೆ ಒಳಹೊಗುವುದು. ಒಬ್ಬರ ಮಾತನ್ನು ಒಬ್ಬರು ಕೇಳಿ ನಡೆಯದಿದ್ದರೆ ಈ ಕೆಲಸ ಸಾಗದು.

ಕಣ್ಣಿಗೆ ಬೀಳದ ಚಿಕ್ಕ ಭಾಗಗಳು

ಬ್ರೇಕು ಎಂದರೆ ಡಿಸ್ಕು, ಪ್ಯಾಡುಗಳಷ್ಟೇ ಅಲ್ಲ. ಅವುಗಳನ್ನು ಸ್ವಸ್ಥಾನದಲ್ಲಿ ಹಿಡಿದಿಡುವ ಪಿನ್ನು, ಕ್ಲಿಪ್ಪು, ಸೀಲು, ಬೋಲ್ಟುಗಳು ಹಲವಾರಿವೆ. ಬೆಲೆ ಅಲ್ಪವಾದ ಈ ವಸ್ತುಗಳನ್ನು ಯಾರೂ ಲಕ್ಷಿಸುವುದಿಲ್ಲ.

ಬಹುತೇಕ ಸಾಮಾನ್ಯ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ನು ಒಳಬದಿಗೆ ಮಾತ್ರ ಇರುವುದು. ಪಿಸ್ಟನ್ನು ಒಳಗಿನ ಪ್ಯಾಡನ್ನು ತಳ್ಳಿದಾಗ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುವುದು. ಈ ಪಿನ್ನುಗಳ ರಬ್ಬರು ಹೊದಿಕೆ ಬಿಸಿಯಿಂದ ಸುಟ್ಟು, ಗ್ರೀಸು ಒಣಗಿ, ಧೂಳು ಹೊಕ್ಕು ತುಕ್ಕು ಹಿಡಿದರೆ ಕ್ಯಾಲಿಪರು ಜಾರದು. ಆಗ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬಿದ್ದು ಅದು ಬೇಗ ಸವೆಯುವುದು. ಚಕ್ರದ ಸಂದಿನಿಂದ ಇಣುಕಿ ನೋಡಿದವನಿಗೆ ಹೊರಗಿನ ಪ್ಯಾಡು ದಪ್ಪವಾಗಿ ಕಾಣುವುದು. ಎಲ್ಲ ಸರಿಯಾಗಿದೆ ಎಂದು ಅವನು ತೃಪ್ತನಾಗುವನು. ಒಳಬದಿಯಲ್ಲಿ ಲೋಹದ ತಗಡು ಡಿಸ್ಕನ್ನು ಕೆರೆಯುತ್ತಿರಬಹುದು. ಆದುದರಿಂದ ಚಕ್ರವನ್ನು ಕಳಚಿ, ಎರಡೂ ಪ್ಯಾಡುಗಳನ್ನು ಅಳೆದು ನೋಡಬೇಕು. ಪಿನ್ನುಗಳನ್ನು ಒರೆಸಿ, ಹೆಚ್ಚು ಬಿಸಿ ತಡೆಯುವ, ರಬ್ಬರಿಗೆ ಹಾನಿ ಮಾಡದ ಗ್ರೀಸನ್ನು ಹಚ್ಚಿ, ಬೆರಳಿನಿಂದ ತಳ್ಳಿದರೆ ಜಾರುವಂತಿರಬೇಕು. ಓಟದ ಪಥಕ್ಕೆ ಹೋಗುವಾಗ ಪ್ಯಾಡು ಅರ್ಧಕ್ಕಿಂತ ಹೆಚ್ಚು ಸವೆದಿರಬಾರದು. ಏಕೆಂದರೆ ಪ್ಯಾಡು ತೆಳುವಾದಷ್ಟೂ ಬಿಸಿ ಬೇಗನೆ ದ್ರವವನ್ನು ಮುಟ್ಟುವುದು.

ಪಿಸ್ಟನ್ನಿನ ಸುತ್ತಲೂ ಇರುವ ರಬ್ಬರು ಸೀಲಿಗೆ ಎರಡು ಕೆಲಸಗಳು. ದ್ರವ ಸೋರದಂತೆ ತಡೆಯುವುದು ಒಂದು. ಪಾದ ಎತ್ತಿದಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಇನ್ನೊಂದು. ಬಿಸಿಯಿಂದ ಸೀಲು ಗಡುಸಾದರೆ ಪಿಸ್ಟನ್ನು ಹಿಂದೆ ಸರಿಯದೆ ಪ್ಯಾಡು ಡಿಸ್ಕಿಗೆ ಸದಾ ಉಜ್ಜುತ್ತಿರುವುದು. ಇದರಿಂದ ಮತ್ತಷ್ಟು ಬಿಸಿ, ಮತ್ತಷ್ಟು ಹಾನಿ.

ಡಿಸ್ಕು ಸವೆಯಬಹುದಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಒತ್ತಿರುವರು. ಅದಕ್ಕಿಂತ ತೆಳುವಾದುದನ್ನು ಉಪಯೋಗಿಸಬಾರದು. ಕಾದು ಆರಿ, ಕಾದು ಆರಿ ಡಿಸ್ಕಿನ ಮೇಲ್ಮೈಯಲ್ಲಿ ಬೇಸಗೆಯ ಕೆರೆಯಂಗಳದಂತೆ ಸಣ್ಣ ಬಿರುಕುಗಳು ಮೂಡುವುದುಂಟು. ಉಗುರಿಗೆ ತಗಲುವಷ್ಟು ಆಳವಾದ ಬಿರುಕು ಅಥವಾ ಅಂಚನ್ನು ಮುಟ್ಟಿದ ಬಿರುಕು ಕಂಡರೆ ಆ ಡಿಸ್ಕನ್ನು ತೆಗೆದು ಹಾಕಬೇಕು. ಅಂದಕ್ಕಾಗಿ ತೂತು ಕೊರೆದ ಡಿಸ್ಕುಗಳಲ್ಲಿ ಬಿರುಕು ಹೆಚ್ಚಾಗಿ ಆ ತೂತುಗಳಿಂದಲೇ ಹೊರಡುವುದು.

ಚಕ್ರದ ಬೇರಿಂಗು ಸಡಿಲವಾಗಿದ್ದರೆ ತಿರುವಿನಲ್ಲಿ ಡಿಸ್ಕು ಅತ್ತಿತ್ತ ವಾಲಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುವುದು. ಮುಂದಿನ ಬಾರಿ ಪೆಡಲನ್ನು ಒತ್ತಿದಾಗ ಅದು ಆಳಕ್ಕೆ ಇಳಿಯುವುದು. ಎರಡನೆಯ ಸಲ ಒತ್ತಿದರೆ ಸರಿಯಾಗುವುದು. ಇದನ್ನು ಕುದಿದ ದ್ರವದ ಲಕ್ಷಣವೆಂದು ತಪ್ಪಾಗಿ ತಿಳಿಯಬಾರದು. ಪೆಡಲು ಗಟ್ಟಿ, ಆದರೆ ಹಿಡಿತವಿಲ್ಲ ಎಂದರೆ ಪ್ಯಾಡು. ಪೆಡಲು ಮೆತ್ತಗೆ ಎಂದರೆ ದ್ರವ ಅಥವಾ ಗಾಳಿ. ಮೊದಲ ಸಲ ಆಳ, ಎರಡನೆಯ ಸಲ ಸರಿ ಎಂದರೆ ಬೇರಿಂಗನ್ನು ನೋಡಬೇಕು. ಈ ಮೂರರಲ್ಲಿ ಯಾವುದು ಕಂಡರೂ ವೇಗ ತಗ್ಗಿಸಿ ಪಥದಿಂದ ಹೊರಗೆ ಬರಬೇಕು. ‘ಇನ್ನೊಂದೇ ಸುತ್ತು’ ಎಂಬ ಆಸೆ ಪಡಬಾರದು.

ಒಂದು ಭಾಗ ಮುರಿದರೆ ಏನಾಗಬಹುದೆಂಬುದಕ್ಕೆ ಚರಿತ್ರೆಯಲ್ಲಿ ದುಃಖಕರವಾದ ನಿದರ್ಶನವೊಂದಿದೆ. ೧೯೭೦ನೆಯ ಸೆಪ್ಟೆಂಬರ್ ೫ರಂದು ಇಟಲಿಯ ಮೊಂಜಾ ಪಥದಲ್ಲಿ ಯೋಖೆನ್ ರಿಂಟ್ ಎಂಬ ಹೆಸರಾಂತ ಚಾಲಕನು ಅಭ್ಯಾಸದಲ್ಲಿ ತೊಡಗಿದ್ದನು. ಅವನ ಲೋಟಸ್ ೭೨ ಕಾರಿನಲ್ಲಿ ಮುಂದಿನ ಬ್ರೇಕುಗಳನ್ನು ಚಕ್ರದೊಳಗೆ ಇಡದೆ ಕಾರಿನ ಒಡಲಿನಲ್ಲಿ ಇಟ್ಟು, ಚಕ್ರಕ್ಕೂ ಬ್ರೇಕಿಗೂ ನಡುವೆ ದಂಡವೊಂದನ್ನು ಜೋಡಿಸಿದ್ದರು. ಕೊನೆಯ ತಿರುವಿಗಾಗಿ ಬ್ರೇಕು ಹಾಕುವಾಗ ಬಲಗಡೆಯ ದಂಡ ಮುರಿಯಿತು. ಕಾರು ಎಡಕ್ಕೆ ಹೊರಳಿ ಅಂಚಿನ ತಡೆಗೋಡೆಗೆ ಬಡಿಯಿತು. ಆ ತಡೆಗೋಡೆಯೂ ಭದ್ರವಾಗಿರಲಿಲ್ಲ. ರಿಂಟ್ ಮಡಿದನು. ಆ ವರ್ಷ ಅದುವರೆಗೆ ಅವನು ಗಳಿಸಿದ್ದ ಅಂಕಗಳನ್ನು ಬೇರೆ ಯಾರೂ ಮೀರಲಿಲ್ಲವಾದುದರಿಂದ ವಿಶ್ವವಿಜೇತನ ಪದವಿ ಅವನ ಮರಣಾನಂತರ ಅವನಿಗೇ ಸಂದಿತು. ಜಗತ್ತಿನಲ್ಲೇ ಶ್ರೇಷ್ಠನಾದ ಚಾಲಕನ ಕೌಶಲ್ಯವೂ ಮುರಿದ ಉಕ್ಕಿನ ಮುಂದೆ ನಿಲ್ಲದಾಯಿತು.

ಮೊದಲು, ನಡುವೆ, ಅನಂತರ

ಪಥಕ್ಕೆ ಹೋಗುವ ಮೊದಲು ಮಾಡಬೇಕಾದ ಕೆಲಸಗಳನ್ನು ಬಹುಮಟ್ಟಿಗೆ ಹೇಳಿದ್ದಾಯಿತು. ಇನ್ನೂ ಎರಡನ್ನು ಸೇರಿಸಬೇಕು. ಚಕ್ರದ ಬಳಿಯ ರಬ್ಬರು ಕೊಳವೆಗಳು ಬಿರಿದಿವೆಯೋ ಉಬ್ಬಿವೆಯೋ ನೋಡಿ, ಸ್ಟೀರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಅವು ಟೈರಿಗೆ ತಗಲುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕ್ಯಾಲಿಪರಿನ ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಕೈಯ ಅಂದಾಜಿನಿಂದ ಬಿಗಿಯದೆ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ವರೆಗೆ ಬಣ್ಣದಿಂದ ಒಂದು ಗೆರೆ ಎಳೆದರೆ, ಬೋಲ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿದು ತೋರುವುದು. ಕಾಸಿನ ಖರ್ಚಿಲ್ಲದ ಉಪಾಯವಿದು.

ಪಥದಲ್ಲಿರುವಾಗ ಮೊದಲ ಸುತ್ತನ್ನು ನಿಧಾನವಾಗಿ ಓಡಿ ಬ್ರೇಕನ್ನು ಕಾಯಿಸಬೇಕು. ಕೊನೆಯ ಸುತ್ತನ್ನು ಬ್ರೇಕು ಹೆಚ್ಚಾಗಿ ಮುಟ್ಟದೆ ಮೆಲ್ಲನೆ ಓಡಿ ಆರಿಸಬೇಕು. ಕಾದ ಕಾರನ್ನು ಹಾಗೆಯೇ ತಂದು ನಿಲ್ಲಿಸಿದರೆ, ಗಾಳಿಯ ಬೀಸು ನಿಂತು ಡಿಸ್ಕಿನ ಬಿಸಿಯೆಲ್ಲ ಕ್ಯಾಲಿಪರಿಗೆ ಹರಿಯುವುದು. ಓಡುವಾಗ ಕುದಿಯದ ದ್ರವ ನಿಂತ ಮೇಲೆ ಕುದಿಯುವುದುಂಟು. ನಿಲ್ಲಿಸಿದಾಗ ಪೆಡಲನ್ನು ಒತ್ತಿ ಹಿಡಿಯಬಾರದು, ಹ್ಯಾಂಡ್ ಬ್ರೇಕನ್ನೂ ಎಳೆಯಬಾರದು. ಒತ್ತಿದ ಜಾಗದಲ್ಲಿ ಪ್ಯಾಡಿನ ಪದಾರ್ಥ ಡಿಸ್ಕಿಗೆ ಅಂಟಿ, ಮುಂದೆ ಬ್ರೇಕು ಹಾಕಿದಾಗಲೆಲ್ಲ ಕಾರು ನಡುಗುವುದು. ಸಮತಟ್ಟಾದ ನೆಲದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟರೆ ಸಾಕು.

ಎಲ್ಲ ಮುಗಿದ ಮೇಲೆ, ಕಾರು ಆರಿದ ಬಳಿಕ, ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಅಳೆಯಬೇಕು. ಪ್ಯಾಡಿನ ದಪ್ಪ, ಡಿಸ್ಕಿನ ಸ್ಥಿತಿ, ದ್ರವ ಬದಲಿಸಿದ ದಿನಾಂಕ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಓಡಿಸಿದವನು ಅದೇ ಕಾರಿನಲ್ಲಿ ಮನೆಗೆ ಮರಳಬೇಕಾಗಿದೆ ಎಂಬುದನ್ನು ಮರೆಯಬಾರದು. ಹೆದ್ದಾರಿಯಲ್ಲಿ ಅವನ ಮುಂದೆ ಹೋಗುವವರು ಅವನ ಬ್ರೇಕಿನ ಸ್ಥಿತಿಯನ್ನು ಬಲ್ಲವರಲ್ಲ.

ನಮ್ಮ ಘಟ್ಟದ ದಾರಿಗಳು

ಓಟದ ಪಥವನ್ನು ನಾವೆಂದೂ ತುಳಿಯುವವರಲ್ಲ, ಈ ಪಾಠ ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ರಜೆಯಲ್ಲಿ ನೀವು ಊರಿಗೆ ಹೋಗುವಾಗ ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಟ್ಟಗಳನ್ನು ಇಳಿದಿದ್ದೀರಿ. ಪ್ರಯಾಣಿಕರೊಂದಿಗೆ ೧,೫೦೦ ಕಿಲೋಗ್ರಾಂ ತೂಗುವ ಕಾರು ೫೦೦ ಮೀಟರು ಎತ್ತರದಿಂದ ಇಳಿದರೆ, ಅದು ಬಿಟ್ಟುಕೊಡಬೇಕಾದ ಶಕ್ತಿ ೭೩.೫ ಲಕ್ಷ ಜೌಲು. ನಾವು ಮೇಲೆ ಲೆಕ್ಕ ಹಾಕಿದ ಓಟದ ಪಥದ ಬ್ರೇಕಿಗೆ ಇದು ಸುಮಾರು ಆರು ಪಟ್ಟು. ಪಥದಲ್ಲಿ ಬಿಸಿ ಸಿಡಿಲಿನಂತೆ ಬರುವುದು, ಘಟ್ಟದಲ್ಲಿ ಕುಂಬಾರನ ಆವಿಗೆಯಂತೆ ಮೆಲ್ಲಮೆಲ್ಲನೆ ಏರುವುದು. ಎರಡರ ಫಲವೂ ಒಂದೇ. ಅದಕ್ಕಾಗಿಯೇ ಅನುಭವಿಗಳಾದ ಚಾಲಕರು ಘಟ್ಟವನ್ನು ಹತ್ತುವಾಗ ಯಾವ ಗೇರಿನಲ್ಲಿ ಹತ್ತುವರೋ ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿಯುವರು. ಎಂಜಿನು ಬ್ರೇಕಿನ ಭಾರವನ್ನು ಹಂಚಿಕೊಳ್ಳುವುದು.

ಉಪಸಂಹಾರ

ನಿಮ್ಮಲ್ಲಿ ಕೆಲವರು ಶಾಲೆ ಮುಗಿಸಿ ಈ ನಗರದ ಸುತ್ತಲಿನ ಮೋಟಾರು ಕಾರ್ಖಾನೆಗಳಿಗೆ, ಗ್ಯಾರೇಜುಗಳಿಗೆ ಕೆಲಸಕ್ಕೆ ಹೋಗುವಿರಿ. ಅಲ್ಲಿ ನಿಮ್ಮ ಕೈಗೆ ತಪಾಸಣೆಯ ಪಟ್ಟಿಯೊಂದು ಬರುವುದು. ‘ಪ್ಯಾಡು ಸರಿ, ಪಿನ್ನು ಸರಿ, ಬೋಲ್ಟು ಸರಿ’ ಎಂದು ಗುರುತು ಹಾಕಲು ಅರ್ಧ ನಿಮಿಷ ಸಾಕು. ಚಕ್ರ ಕಳಚಿ ಒಳಬದಿಯನ್ನು ನೋಡಲು ಅರ್ಧ ಗಂಟೆ ಬೇಕು. ಹೊತ್ತು ಮೀರಿರುವುದು, ಒಡೆಯನು ಅವಸರ ಪಡಿಸುತ್ತಿರುವನು, ಹೊರಗಿನ ಪ್ಯಾಡು ದಪ್ಪವಾಗಿಯೇ ಕಾಣುತ್ತಿರುವುದು. ನೋಡದೆ ಗುರುತು ಹಾಕಿದರೆ ಯಾರಿಗೂ ತಿಳಿಯದು. ಬಹುಶಃ ಆ ದಿನ ಏನೂ ಆಗದು. ಆದರೆ ಆ ಕಾರಿನ ಚಾಲಕನು ನಿಮ್ಮ ಮುಖವನ್ನೇ ಕಾಣದೆ, ನಿಮ್ಮ ಗುರುತನ್ನು ನಂಬಿ ಪೆಡಲಿನ ಮೇಲೆ ಪಾದವಿಡುವನು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಕಂಡದ್ದನ್ನೇ ಬರೆಯಿರಿ, ಕಾಣದ್ದನ್ನು ಕಳಚಿ ನೋಡಿರಿ. ಈ ಪಾಠದ ಸಾರ ಇಷ್ಟೇ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ೧,೦೦೦ ಕಿಲೋಗ್ರಾಂ ರಾಶಿಯ ಕಾರು ಗಂಟೆಗೆ ೧೪೪ ಕಿಲೋಮೀಟರು ವೇಗದಿಂದ ೩೬ ಕಿಲೋಮೀಟರಿಗೆ ಇಳಿದರೆ ಎಷ್ಟು ಜೌಲು ಶಾಖ ಉಂಟಾಗುವುದು? (ಉತ್ತರ: ೭.೫ ಲಕ್ಷ)

೨. ಪೆಡಲು ಗಟ್ಟಿಯಾಗಿದ್ದೂ ಕಾರು ನಿಲ್ಲದಿರುವುದಕ್ಕೂ, ಪೆಡಲು ಮೆತ್ತಗಾಗಿ ನೆಲ ಮುಟ್ಟುವುದಕ್ಕೂ ಕಾರಣಗಳೇನು?

೩. ಬ್ರೇಕ್ ಆಯಿಲಿನ ಡಬ್ಬಿಯನ್ನು ಬಹುಕಾಲ ತೆರೆದಿಡಬಾರದೇಕೆ?

೪. ಹೊರಗಿನ ಪ್ಯಾಡನ್ನು ಮಾತ್ರ ನೋಡಿ ಬ್ರೇಕು ಸರಿಯಾಗಿದೆ ಎಂದು ಹೇಳಬಹುದೇ? ಸಕಾರಣವಾಗಿ ವಿವರಿಸಿರಿ.

೫. ನಿಮ್ಮ ಮನೆಯ ಅಥವಾ ನೆರೆಮನೆಯ ಸೈಕಲ್ಲಿನ ಬ್ರೇಕನ್ನು ಪರೀಕ್ಷಿಸಿ, ಅದರ ಪ್ರತಿಯೊಂದು ಭಾಗದ ಹೆಸರನ್ನೂ ಸ್ಥಿತಿಯನ್ನೂ ಒಂದು ಪಟ್ಟಿಯಾಗಿ ಬರೆದು ತನ್ನಿರಿ.